ಮಾವನವರ ಸಮಾಧಿಯ ಮೇಲೆ ಬಿದ್ದ ಶ್ರೀಗಂಧ

ಅರಣ್ಯ ಇಲಾಖೆಯವರು ನಮ್ಮ ತೋಟಕ್ಕೆ ಕಾಲಿಟ್ಟಾಗಲೆಲ್ಲ ನಗುವಂಥದ್ದೊಂದು ನಡೆಯುತ್ತಿತ್ತು. ನಗು ಮಾತ್ರ ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಬರುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಶ್ರೀಗಂಧದ ಮರ ಯಾರ ಜಮೀನಿನಲ್ಲಿ ಹುಟ್ಟಿದರೂ ಅದು ಸರ್ಕಾರದ್ದು ಎಂಬ ಕಾನೂನಿದ್ದ ಕಾಲ. ತುರುವೇಕೆರೆ ಕಡೆಯ ನಮ್ಮ ತೆಂಗಿನ ತೋಟದಲ್ಲಿ ಅಂಥದ್ದೊಂದು ಮರ ಮಾವನವರ ಸಮಾಧಿಯ ಪಕ್ಕದಲ್ಲೇ ಇತ್ತು. ಅತ್ತೆಯವರು ದಿನವೂ ಸಮಾಧಿಯ ಕಲ್ಲಿಗೆ ವಿಭೂತಿ ಹಚ್ಚಿ, ಪತ್ರೆ ಇಟ್ಟ ಮೇಲೆಯೇ ಊಟಕ್ಕೆ ಕೂರುವುದು. ಮಾವ ತೀರಿಕೊಂಡ ಮೂರು ವರ್ಷದಲ್ಲಿ ಒಂದು ದಿನ ತಪ್ಪಿರಲಿಲ್ಲ. ನಾನು ಬಿ.ಎ. ಮಾಡಿದವಳು. ಆ ಮರ ಬಿದ್ದು ಏಳುವವರೆಗಿನ ಆರು ದಿನ ಯಾರು ಯಾವಾಗ ಬಂದರು, ಏನೆಂದರು ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ.

ಗಾರ್ಡು

ಮರ ಬಿದ್ದದ್ದು ಮಟಮಟ ಮಧ್ಯಾಹ್ನ. ಗರಿ ಅಲುಗುವಷ್ಟೂ ಗಾಳಿ ಇರಲಿಲ್ಲ. ಸದ್ದೂ ಕೇಳಲಿಲ್ಲ. ಅತ್ತೆ ಪತ್ರೆ ಹಿಡಿದು ಹೋಗಿ ನೋಡಿದರೆ, ಮಗುವನ್ನು ಮಲಗಿಸಿದ ಹಾಗೆ ಮರ ಸಮಾಧಿಯ ಮೇಲೆ ಅಡ್ಡ ಮಲಗಿತ್ತು. ಕಲ್ಲಿಗೆ ಒಂದು ಗೀರಿಲ್ಲ. ಆದರೆ ವಿಭೂತಿ ಹಚ್ಚುವ ಕಲ್ಲಿನ ನೆತ್ತಿ ಮುಟ್ಟಲು ಬೆರಳು ತೂರುವಷ್ಟೂ ಜಾಗವಿಲ್ಲ.

ನಾವಿನ್ನೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಅಷ್ಟರಲ್ಲಿ ಫಾರೆಸ್ಟ್ ಗಾರ್ಡು ಸೈಕಲ್ ತುಳಿದುಕೊಂಡು ಬಂದ.

"ನಿಂಗ್ಯಾರು ಹೇಳಿದ್ರಪ್ಪ?" ಎಂದರು ಅತ್ತೆ.

"ಯಾರೋ ಯಜಮಾನ್ರು ಕಣಜ್ಜಿ. ಬಿಳೀ ರುಮಾಲು, ಕೈಯಾಗೆ ಕೋಲು. ಸರ್ಕಾರದ ಮರ ಬಿದ್ದೈತೆ ಹೋಗು ಅಂದ್ರು."

"ಎಡಗಾಲು ಕುಂಟ್ತಿದ್ರಾ?"

"ಹೂಂ, ನಿಮ್ಗೆಂಗೆ ಗೊತ್ತು?"

ಅತ್ತೆ ಸಮಾಧಿಯ ಕಡೆ ನೋಡಿದರು. "ಸರಿ, ಮರ ಎತ್ತು."

"ಯಾರೂ ಮುಟ್ಟದಂಗೆ ನೋಡ್ಕೊಳ್ಳೋ ಅಧಿಕಾರ ಅಷ್ಟೇ ನಂದು. ಎತ್ತೋದು ನಂದಲ್ಲ."

"ಇದು ಎದ್ದ ಹೊರತು ನಾನು ಉಣ್ಣಲ್ಲ. ನನ್ನ ಊಟ ತಡೆಯೋ ಅಧಿಕಾರ ಐತೇನಪ್ಪ ನಿಂಗೆ?"

ಗಾರ್ಡು ಪ್ರಾಮಾಣಿಕವಾಗಿ ಯೋಚಿಸಿದ. "ಅದನ್ನ ಫಾರೆಸ್ಟರ್ ಸಾಹೇಬ್ರನ್ನ ಕೇಳಿ ಹೇಳ್ತೀನಿ."

ಟೇಪು

ಮಾರನೆಯ ದಿನ ಬಂದ ಫಾರೆಸ್ಟರಿಗೆ ಅಳೆಯುವ, ಮಹಜರು ಬರೆಯುವ ಅಧಿಕಾರವಿತ್ತು. ಟೇಪಿನ ಒಂದು ತುದಿ ಬೇರಿನ ಹತ್ತಿರ ನಾನೇ ಹಿಡಿದೆ. ಹನ್ನೊಂದು ಅಡಿ. ಸರಿಯಾಗಿದೆಯೋ ಎಂದು ಇನ್ನೊಮ್ಮೆ ಹಿಡಿದರು, ಹನ್ನೊಂದೂವರೆ. ಮತ್ತೊಮ್ಮೆ ಹಿಡಿದಾಗ ಹನ್ನೆರಡು. ನಾನು ಬೆರಳು ಸಡಿಲಿಸಿರಲಿಲ್ಲ. ಟೇಪೂ ಹೊಸದು.

ಫಾರೆಸ್ಟರು ಹಣೆ ಒರೆಸಿಕೊಂಡು ನಾಲ್ಕನೆಯ ಸಲಕ್ಕೆ ಬಗ್ಗಿದರು. ಗಾರ್ಡು ಹಿಂದಿನಿಂದ ಮೆಲ್ಲಗೆ, "ಸಾರ್, ಬುಡಿ ಸಾರ್. ಅಳೆದಷ್ಟೂ ಬೆಳೀತೈತೆ," ಎಂದ.

ಫಾರೆಸ್ಟರು ಮೊದಲನೆಯ ಅಳತೆಯನ್ನೇ ಬರೆದು ಟೇಪು ಸುತ್ತಿದರು. "ಇರೋ ಮರ ಅಳೆಯೋದು ನನ್ನ ಕೆಲಸ ಕಣಮ್ಮ. ಬೆಳೆಯೋದನ್ನ ನಿಲ್ಲಿಸಬೇಕು ಅಂದ್ರೆ ರೇಂಜರ್ ಸಾಹೇಬರೇ ಬರಬೇಕು."

ಅತ್ತೆ ಆ ದಿನ ಬರೀ ಎಳನೀರು ಕುಡಿದರು.

ನೋಟೀಸು

ಮೂರನೆಯ ದಿನ ರೇಂಜರು ಪಹಣಿ ಕೇಳಿದರು. ತೋಟ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು. ಹೆಸರು ಬದಲಾಯಿಸಲು ಅತ್ತೆ ಬಿಟ್ಟಿರಲಿಲ್ಲ.

"ಖಾತೆದಾರರಿಗೆ ನೋಟೀಸು ಕೊಡಬೇಕು. ಮರ ಬಿದ್ದಿದ್ದಕ್ಕೆ ಅವರೇ ಜವಾಬ್ದಾರರು."

"ಅವರು ತೀರಿಕೊಂಡು ಮೂರು ವರ್ಷ ಆಯ್ತಲ್ಲ ಸಾರ್," ಎಂದೆ.

"ಸತ್ತವರನ್ನ ಪಹಣಿಯಿಂದ ತೆಗೆಯೋದು ರೆವಿನ್ಯೂದವರು. ನನಗೆ ಆ ಅಧಿಕಾರ ಇಲ್ಲ. ನನ್ನ ಪಾಲಿಗೆ ಅವರು ಇದ್ದಾರೆ. ಈಗ ಎಲ್ಲಿ ವಾಸ?"

ಅತ್ತೆ ಸಮಾಧಿಯತ್ತ ಕೈ ತೋರಿಸಿದರು.

ವಾಸದ ಜಾಗಕ್ಕೆ ನೋಟೀಸು ಅಂಟಿಸಬೇಕೆಂದು ನಿಯಮವಂತೆ. ನಾನೇ ಗಂಜಿ ಕಾಸಿ ಕೊಟ್ಟೆ. ಗಾರ್ಡು ಸಮಾಧಿಯ ಬದಿಗೆ ನೋಟೀಸು ಅಂಟಿಸಿ, ಗಟ್ಟಿಯಾಗಿ ಓದಿ ಹೇಳಿದ. ಓದುವಾಗ ತೋಟದಲ್ಲಿ ಒಂದು ಹಕ್ಕಿಯೂ ಕೂಗಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಬದಿಯ ಕಲ್ಲಿನ ಮೇಲೆ ಗಂಜಿಯ ಕಲೆ ಮಾತ್ರ ಇತ್ತು. ನೋಟೀಸು ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ, ಮರದ ಸಂದಿಯಲ್ಲಿತ್ತು. ಮಾವನವರು ಕಂದಾಯದ ರಸೀದಿ ಮಡಿಸುತ್ತಿದ್ದದ್ದು ಹೀಗೆಯೇ. ಗಾರ್ಡು ಅದನ್ನು ದೂರದಿಂದಲೇ ನೋಡಿ, ರಿಜಿಸ್ಟರ್ ತೆಗೆದು "ಖುದ್ದು ತಲುಪಿದೆ" ಎಂದು ಬರೆದುಕೊಂಡು ಹೋದ.

ಸಹಿ

ಆರನೆಯ ದಿನಕ್ಕೆ ಅತ್ತೆಯವರ ಕಾಲು ನಡುಗುತ್ತಿತ್ತು. ನನ್ನ ಹೆಗಲು ಹಿಡಿದೇ ತೋಟಕ್ಕೆ ಬಂದರು. "ಒಂದು ತುತ್ತಾದರೂ ತಿನ್ನಿ," ಎಂದು ಬೇಡಿಕೊಂಡರೆ, "ಅವರನ್ನ ಬುಟ್ಟು ಎಂಗೆ ಉಣ್ಲಿ ಕಣೇ?" ಎಂದರು. ನನಗೆ ನಿಜಕ್ಕೂ ಭಯವಾಯಿತು.

ಆ ದಿನ ಉಳಿದ ಮೂವರನ್ನೂ ಕರೆದುಕೊಂಡು ಬಂದ ದೊಡ್ಡ ಸಾಹೇಬರು, ರೇಂಜರಿಗಿಂತ ಮೇಲಿನ ದರ್ಜೆಯವರು, ಒಳ್ಳೆಯ ಮನುಷ್ಯ. "ಎತ್ತಿಸೋ ಅಧಿಕಾರ ನನಗಿದೆ ತಾಯಿ. ಆದರೆ ಖಾತೆದಾರರ ಒಪ್ಪಿಗೆ ಬರಹದಲ್ಲಿ ಬೇಕು. ಅದಿಲ್ಲದೆ ಮಾಡಿದರೆ ನನ್ನ ಕೆಲಸ ಹೋಗುತ್ತೆ," ಎಂದರು.

"ಒಪ್ಪಿಗೆ ಕಾಗದ, ಪೆನ್ನು ಅವರ ತಾವ ಇಡಿ," ಎಂದರು ಅತ್ತೆ. "ನೀವೆಲ್ಲ ಬಂದು ಉಂಡ್ಕೊಂಡು ಹೋಗಿ. ಎದುರಿಗೆ ನಿಂತ್ರೆ ಅವರು ಬರೆಯಲ್ಲ."

ನಾಲ್ವರೂ ನಮ್ಮ ಜಗುಲಿಯಲ್ಲಿ ಕೂತು ಮುದ್ದೆ, ಬಸ್ಸಾರು ಉಂಡರು. ಬಡಿಸಿದವಳು ನಾನು. ಅತ್ತೆ ಕಂಬಕ್ಕೆ ಒರಗಿ ನೋಡುತ್ತಿದ್ದರು. ಅವರಿಗೆ ಒಂದಕ್ಷರವೂ ಬಾರದು. ನಮ್ಮ ಮನೆಯವರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿದ್ದರು. ತೋಟದಲ್ಲಿ ಯಾರೂ ಇರಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಗೆರೆ ಎಳೆದಿದ್ದೇನೆ.

ತಿರುಗಿ ಹೋದಾಗ ಕಾಗದದ ಮೇಲೆ ಸಹಿ ಇತ್ತು. ಶಾಯಿ ಹಸಿಯಾಗಿತ್ತು. ನಾನು ಮನೆಗೆ ಓಡಿ, ಪೆಟ್ಟಿಗೆಯಿಂದ ಮಾವನವರ ಸಹಿಯಿದ್ದ ಹಳೆಯ ಕ್ರಯಪತ್ರ ತಂದು ಪಕ್ಕದಲ್ಲಿ ಹಿಡಿದೆ. ಕೊನೆಯ ಅಕ್ಷರದ ಬಾಲ ಎಡಕ್ಕೆ ಸುತ್ತಿಕೊಳ್ಳುವುದೂ ಒಂದೇ ಥರ. ಸಾಹೇಬರು ಎರಡನ್ನೂ ಬಹಳ ಹೊತ್ತು ನೋಡಿ, ಮೆಲುದನಿಯಲ್ಲಿ "ಎತ್ತಿ," ಎಂದರು.

ಗಾರ್ಡು, ಫಾರೆಸ್ಟರು, ರೇಂಜರು, ಸಾಹೇಬರು, ನಾಲ್ವರೂ ಕೈ ಹಾಕಿದರು. ಯಾವ ತುದಿ ಯಾವ ದರ್ಜೆಯವರದ್ದು ಎಂದು ಯಾರೂ ಕೇಳಲಿಲ್ಲ. ಮರ ಬೆಂಡಿನ ಹಾಗೆ ಹಗುರವಾಗಿ ಎದ್ದಿತು.

ಅತ್ತೆ ವಿಭೂತಿ ಹಚ್ಚಿದರು, ಪತ್ರೆ ಇಟ್ಟರು, ಮನೆಗೆ ಬಂದು ತಟ್ಟೆಯ ಮುಂದೆ ಕೂತರು. ಮೊದಲ ತುತ್ತು ಬಾಯಿಗೆ ಹೋಗುವುದನ್ನು ನೋಡಿ ನನಗೆ ಜೀವ ಬಂತು. ಅಷ್ಟರಲ್ಲಿ ಗಾರ್ಡು ಆ ಕಾಗದ ಹಿಡಿದು ಬಾಗಿಲಿಗೆ ಬಂದ.

"ಅಜ್ಜೀ, ಸಾಹೇಬ್ರು ಕಳಿಸಿದ್ರು. ಯಜಮಾನ್ರು ಸಹಿ ಕೆಳಗೆ ತಾರೀಕು ಹಾಕಿಲ್ಲ. ಅವರ ಕೈಯಾಗೇ ಹಾಕಿಸ್ಬೇಕಂತೆ."

ಅತ್ತೆ ತುತ್ತು ನುಂಗಿದರು. "ಉಂಡ ಮೇಲೆ ಅವರು ಒಂದು ಗಳಿಗೆ ಮಲಗ್ತಾರೆ ಕಣ್ಲಾ. ಹೋಗಿ ಸಮಾಧಿ ಪಕ್ಕ ಕೂತಿರು. ಎದ್ದ ಮೇಲೆ ಅವರೇ ನಿನ್ನನ್ನ ಕರೀತಾರೆ."

ಗಾರ್ಡು ತೋಟದ ಕಡೆ ಒಮ್ಮೆ ನೋಡಿದ. ಆಮೇಲೆ ನಮ್ಮ ಹೊಸ್ತಿಲ ಮೇಲೇ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಪೆನ್ನು ತೆಗೆದು, ತಾನೇ ತಾರೀಕು ಹಾಕಿದ. ಆ ಅಧಿಕಾರ ಅವನಿಗೆ ಕೊಟ್ಟವರು ಯಾರು ಎಂದು ನಾನೂ ಕೇಳಲಿಲ್ಲ.