ಕಣದಲ್ಲಿ ಇಳಿಯಕೂಡದ ವಿಮಾನ

ನಮ್ಮ ಸೋದರಮಾವನ ಹತ್ತಿರ ಒಂಬತ್ತು ವಿಮಾನಗಳಿವೆ. ಬೇಕಾದರೆ ಬಂದು ಎಣಿಸಿಕೊಳ್ಳಿ! ಒಂದು ಅವರ ಮನೆಯ ಅಟ್ಟದಲ್ಲಿದೆ. ಉಳಿದ ಎಂಟನ್ನು ಎಣಿಸಬೇಕಾದರೆ ಪಕ್ಕದ ಎಸ್ಟೇಟಿಗೆ ಹೋಗಿ ಸಿಲ್ವರ್ ಓಕ್ ಮರಗಳ ತುದಿ ನೋಡಬೇಕು, ಅಷ್ಟೆ.

ಸೋಮವಾರಪೇಟೆ ಕಡೆ ಮೂರು ಎಕರೆ ಕಾಫಿ ತೋಟ ಇರುವ, ಅರವತ್ತೆಂಟು ದಾಟಿದ ಮನುಷ್ಯ ರಿಮೋಟು ಹಿಡಿದು ಆಕಾಶ ನೋಡುತ್ತ ನಿಂತರೆ ಜನ ನಗುತ್ತಾರೆ. ನಗಲಿ. ದಿನವಿಡೀ ಇಸ್ಪೀಟು ಆಡುವವರನ್ನು ಕಂಡು ಯಾರಾದರೂ ನಗುತ್ತಾರೆಯೇ? ಅವರಿಗಿಲ್ಲದ ನಾಚಿಕೆ ನಮ್ಮ ಮಾವನಿಗೇಕೆ?

ಮಾವನ ವಿಮಾನಗಳು ಅಂಗಡಿಯಿಂದ ಬಂದವಲ್ಲ. ಮೋಟಾರು, ಬ್ಯಾಟರಿ, ರಿಮೋಟು ಮಾತ್ರ ತರಿಸಿದ್ದು; ಮೈಯೆಲ್ಲ ಥರ್ಮಾಕೋಲು, ಬೆನ್ನಿಗೆ ಬಿದಿರಿನ ಸೀಳು. ಆದ್ದರಿಂದ ಊರಿನಲ್ಲಿ ಯಾರು ಫ್ರಿಜ್ಜು ಕೊಂಡರೂ ಮೊದಲು ಸಂತೋಷಪಡುವವರು ಮಾವ. ಒಮ್ಮೆ ಗೃಹಪ್ರವೇಶಕ್ಕೆ ಹೋದವರು ಊಟ ಮಾಡಿ, ತಾಂಬೂಲ ತೆಗೆದುಕೊಂಡು, ಆ ಮನೆಯ ಹೊಸ ವಾಷಿಂಗ್ ಮೆಷಿನ್ನಿನ ಥರ್ಮಾಕೋಲನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಇವರು ತನ್ನ ಗಂಡ ಎಂದು ಯಾರಿಗೂ ತಿಳಿಯದಿರಲಿ ಎಂದು ಅತ್ತೆ ಪ್ರೈವೇಟ್ ಬಸ್ಸಿನಲ್ಲಿ ನಾಲ್ಕು ಸೀಟು ಹಿಂದೆ ಕೂತರಂತೆ. ಮಾವ ಮುಂದಿನಿಂದಲೇ ಕಂಡಕ್ಟರಿಗೆ ಕೂಗಿ ಹೇಳಿದರು, "ಎರಡು ಕೊಡಿ. ಹಿಂದೆ ಹಸಿರು ಸೀರೆ ಉಟ್ಟು ಮುಖ ತಿರುಗಿಸಿಕೊಂಡಿದಾರಲ್ಲ, ಅವರದ್ದೂ ಸೇರಿಸಿ."

ಇಷ್ಟೊಂದು ವಿಮಾನ ಮರ ಹತ್ತುವುದೇಕೆ? ಮಾವನನ್ನು ಕೇಳಿದರೆ ಅತ್ತೆಯೇ ಕಾರಣ. ಇಳಿಜಾರಿನ ಆ ಜಾಗದಲ್ಲಿ ಮಟ್ಟಸವಾಗಿರುವುದು ಮನೆ ಮುಂದಿನ ಸಿಮೆಂಟಿನ ಕಣ ಒಂದೇ. ಮಳೆಗಾಲದಲ್ಲಿ ಕಣ ಖಾಲಿ, ಆದರೆ ಆ ಮಳೆಯಲ್ಲಿ ವಿಮಾನ ಹಾರುವುದಿಲ್ಲ. ಮಳೆ ಬಿಟ್ಟು ಆಕಾಶ ತೆರೆಯುವಷ್ಟರಲ್ಲಿ ಕಾಫಿ ಹಣ್ಣಾಗಿ ಕಣದ ತುಂಬ ಒಣಗಲು ಬಿದ್ದಿರುತ್ತದೆ! ಒಂದು ವರ್ಷ ಮಾವ ಅದರ ಮೇಲೇ ಇಳಿಸಿದರು. ಈ ತುದಿಯಿಂದ ಆ ತುದಿಗೆ ಕಾಫಿಯಲ್ಲಿ ಗೀರು ಬಿತ್ತು, ಅರ್ಧ ಬುಟ್ಟಿ ಕಾಫಿ ಚರಂಡಿ ಸೇರಿತು.

"ಕಾಫಿ ಮೇಲೆ ಇಳಿಸ್ತೀರಲ್ಲ, ಬುದ್ಧಿ ಇದೆಯಾ ನಿಮಗೆ?" ಎಂದರು ಅತ್ತೆ.

"ರನ್‌ವೇ ಮೇಲೆ ಕಾಫಿ ಹರಡಿದ್ದು ಯಾರು?" ಎಂದರು ಮಾವ.

ಅಂದಿನಿಂದ ಕಣ ಬಂದ್. ಇನ್ನೊಂದು ಸಲ ಇಳಿದರೆ ಒಲೆಗೆ ಹಾಕುತ್ತೇನೆ ಎಂದರು ಅತ್ತೆ, ಅವರು ಹೇಳಿದ್ದನ್ನು ಮಾಡುವವರು. ಹಾಗಾಗಿ ಮಾವ ಬೇಲಿ ಪಕ್ಕದ ಹುಲ್ಲಿನಲ್ಲಿ ಇಳಿಸಲು ನೋಡುತ್ತಾರೆ. ಎರಡು ಹಸು ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕು, ಅಷ್ಟು ಅಗಲ ಅದು! ಗುರಿ ತಪ್ಪಿದರೆ ಬೇಲಿಯಾಚೆ ಸಿಲ್ವರ್ ಓಕು.

ಆ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಮೆಣಸು ಕೊಯ್ಯಲು ಏಣಿ ಹಾಕುವವರೆಗೆ ವಿಮಾನ ಕೆಳಗೆ ಬರುವುದಿಲ್ಲ. ಅದಕ್ಕೇ ಮಾವ ಪ್ರತಿ ರೆಕ್ಕೆಯ ಮೇಲೂ ಬರೆಯುತ್ತಾರೆ: ಮೆಣಸಿನ ಜೊತೆ ಇಳಿಸಿ ಕೊಡುವುದು. ಕೊಯ್ಯುವವರು ಪಾಪ, ತಪ್ಪದೆ ತಂದು ಕೊಡುತ್ತಾರೆ. "ಸಾರೇ, ಈ ಸಲ ಮೆಣಸು ಕಮ್ಮಿ. ನಿಮ್ಮ ಬೆಳೆ ಮಾತ್ರ ಜೋರುಂಟು," ಎಂದ ಒಬ್ಬ, ಮೂರು ವಿಮಾನ ಜಗಲಿಯ ಮೇಲಿಟ್ಟು.

ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರಿಗೆ ಮಾತ್ರ ಇದು ತಮಾಷೆಯಲ್ಲ. ಒಂದು ದಿನ ಕಾಫಿ ಹಣ್ಣಿನ ಪಿಕಿಂಗ್ ನಡೆಯುತ್ತಿದ್ದಾಗ ವಿಮಾನ ಗುಂಯ್ ಎಂದು ಬಂತು. ಹೆಜ್ಜೇನು ಎದ್ದಿತೆಂದು ಹೆಂಗಸರೆಲ್ಲ ಗೋಣಿಚೀಲ ಹೊದ್ದು ಕೂತುಬಿಟ್ಟರು. ಅರ್ಧ ಗಂಟೆ ಒಬ್ಬರೂ ಏಳಲಿಲ್ಲ! ರೈಟರು ಬಂದು ಕೂಗಾಡಿ ಹೋದರು. ಮುಂದಿನ ವಾರ ಅವರೇ ಮೆತ್ತಗೆ ಬಂದು ನಿಂತರು. ತೋಟಕ್ಕೆ ಆನೆ ನುಗ್ಗಿದೆ, ಆನೆಗೆ ಜೇನೆಂದರೆ ಭಯವಂತೆ, ಒಂದು ಸುತ್ತು ಹಾರಿಸುತ್ತೀರಾ ಎಂದು ಕೇಳಿದರು.

ಮಾವ ಕೂತಲ್ಲಿಂದ ಏಳಲಿಲ್ಲ. "ನಂದು ವಿಮಾನ ಕಣ್ರೀ. ಪಟಾಕಿ ಅಲ್ಲ."

ಹೋದ ವರ್ಷ ಮಾವನನ್ನು ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಕಣ್ಣಿನ ನರ ಸೊರಗುತ್ತಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ, ಹನಿ ಹಾಕಿಕೊಂಡು ಇದ್ದದ್ದನ್ನು ಉಳಿಸಿಕೊಳ್ಳಿ, ಸ್ಕೂಟರು ಮುಟ್ಟಬೇಡಿ ಎಂದರು ಡಾಕ್ಟರು. ಮಾವ ಜೇಬಿನಿಂದ ಸ್ಕೂಟರಿನ ಕೀ ತೆಗೆದು ನನ್ನ ಕೈಗಿಟ್ಟರು.

ಬಸ್ಸಿನಲ್ಲಿ ನಾನು ಮೆಲ್ಲಗೆ, "ವಿಮಾನಾನೂ ನಿಲ್ಲಿಸಬೇಕಲ್ಲ ಮಾವ," ಎಂದೆ.

"ಯಾಕೆ? ಅದರಲ್ಲಿ ನಾನು ಕೂತ್ಕೊಳ್ಳಲ್ವಲ್ಲ."

ನಿಲ್ಲಿಸಲೂ ಇಲ್ಲ. ರೆಕ್ಕೆ ದೊಡ್ಡದು ಮಾಡಿದರು, ಕಾಣಲೆಂದು ಕಿತ್ತಳೆ ಬಣ್ಣ ಬಳಿದರು. ಆದರೂ ಒಂದಾದ ಮೇಲೊಂದು ಮರ ಹತ್ತಿದವು. ಆ ಎಂಟರಲ್ಲಿ ಐದು ಆಮೇಲಿನವೇ. ಈ ಜನವರಿಯ ಒಂದು ಬೆಳಿಗ್ಗೆ ಕೊನೆಯದನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದರು. "ಬಿದಿರು ಸೀಳೋಕೆ ಗೆರೆ ಕಾಣ್ತಿಲ್ಲ ಈಗ. ಇದೂ ಹೋದ್ರೆ ಇನ್ನು ಮಾಡಲ್ಲ," ಎಂದರು. ಮಾವ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ತುಂಬ ಸಂಕಟವಾಯಿತು.

ವಿಮಾನ ಹಾರಿತು. ಎರಡನೆಯ ಸುತ್ತಿಗೆ ಮಾವನ ಮುಖ ಒಂದು ಕಡೆ, ವಿಮಾನ ಇನ್ನೊಂದು ಕಡೆ. "ಎಡಕ್ಕೆ, ಎಡಕ್ಕೆ," ಎಂದು ನಾನು ಒದರಿದೆ. ಎದುರಿಗೆ ಬರುವ ವಿಮಾನಕ್ಕೆ ನಮ್ಮ ಎಡ ಅದರ ಬಲವಾಗುತ್ತದೆ ಎಂದು ನನಗೇನು ಗೊತ್ತು? ಅದು ನೆಟ್ಟಗೆ ಮರಗಳ ಕಡೆ ತಿರುಗಿತು.

ಕಣದಲ್ಲಿ ಕಾಫಿ ಸಮವಾಗಿ ಒಣಗಲೆಂದು ಹರಗುತ್ತಿದ್ದ ಅತ್ತೆ, ಹರಗುವ ಹಲಗೆ ಹಿಡಿದುಕೊಂಡೇ ಬಂದು ಮಾವನಿಗೆ ತಾಗಿ ನಿಂತರು.

"ಸುಮ್ನಿರು ನೀನು," ಎಂದರು ನನಗೆ. ಆಮೇಲೆ ಮಾವನಿಗೆ, "ಹಲಸಿನ ಮರದ ಕಡೆ ತಿರುಗಿಸಿ. ಹ್ಞಾಂ. ಈಗ ಬಾವಿ ಕಡೆ. ಸ್ವಲ್ಪ ಮೇಲೆ."

ಆ ಜಾಗ ಮಾವನಿಗೆ ಕಣ್ಣು ಮುಚ್ಚಿದರೂ ಗೊತ್ತು. ವಿಮಾನ ಹಲಸಿನ ಮರ ದಾಟಿತು, ಬಾವಿ ದಾಟಿತು. ಹದಿನೈದು ವರ್ಷ ಬೈದ ಅತ್ತೆ ಆ ಹದಿನೈದು ವರ್ಷವೂ ಪ್ರತಿ ಸುತ್ತನ್ನು ನೋಡುತ್ತಲೇ ಇದ್ದರು ಎಂದು ನನಗೆ ಆಗ ತಿಳಿಯಿತು.

"ಹುಲ್ಲು ಯಾವ ಕಡೆ ಬಂತು?" ಮಾವ ಕೇಳಿದರು.

"ಹುಲ್ಲು ಬೇಡ. ಕಣಕ್ಕೆ ಇಳಿಸಿ."

"ಕಾಫಿ ಇದೆಯಲ್ಲೇ ಅಲ್ಲಿ."

"ಇಳಿಸಿ ಅಂದ್ನಲ್ಲ."

ಇಳಿಯಿತು. ಕಾಫಿ ಎರಡೂ ಕಡೆ ಚಿಮ್ಮಿತು. ಅತ್ತೆ ಹೋಗಿ ವಿಮಾನ ಎತ್ತಿ, ಸೆರಗಿನಿಂದ ಧೂಳು ಒರೆಸಿ, ಮಾವನ ಕೈಗೆ ಕೊಟ್ಟರು. ಗಂಟೆಗೊಮ್ಮೆ ಕಾಫಿ ಹರಗುವವರು ಅವತ್ತು ಆ ಗೀರನ್ನು ಸಂಜೆಯವರೆಗೂ ಹಾಗೇ ಬಿಟ್ಟಿದ್ದರು.