ಆಣೆ ಇಡದ ಬಾಡಿಗೆದಾರ

"ನನ್ನ ಕಣ್ಣು ತಪ್ಪಿಸಿ ಈ ಸಂಪಿನಿಂದ ಒಂದು ಚೊಂಬು ನೀರು ಆಚೆ ಹೋಗ್ಲಿ, ನೋಡೇಬಿಡ್ತೀನಿ!" ಎಂದು ಹೊಸಹಳ್ಳಿಯ ಮುನಿತಾಯಮ್ಮ ಯುಗಾದಿಯ ಮಾರನೆಯ ದಿನ ಶಪಥ ಮಾಡಿದರು. ಕಾವೇರಿ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಮುನಿಸಿಕೊಂಡ ಬೀಗರಂತೆ ಮುಖ ತೋರಿಸಿ ಹೋಗುತ್ತಿತ್ತು. ಯಜಮಾನರು ತೀರಿಕೊಂಡಾಗ ಬಿಟ್ಟುಹೋದದ್ದು ಈ ಮನೆ ಮತ್ತು ಮನೆ ಮುಂದಿನ ಸಂಪು. ಮುನಿತಾಯಮ್ಮ ಮನೆಗೆ ಬೀಗ ಹಾಕುವುದನ್ನು ಮರೆತಾರು, ಸಂಪಿಗೆ ಮರೆಯುವವರಲ್ಲ!

ಅಕ್ಷರ ಅವರಿಗೆ ಅಷ್ಟಕ್ಕಷ್ಟೆ. ಅಳತೆಯಲ್ಲಿ ಮಾತ್ರ ಸಾಕ್ಷಾತ್ ಸರ್ವೇ ಇಲಾಖೆ! ಬಿದಿರುಕೋಲಿಗೆ ಕುಡುಗೋಲಿನಿಂದ ಕಚ್ಚು ಹಾಕಿದ್ದರು. ದಿನಾ ಬೆಳಗ್ಗೆ ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿ, ಕೋಲನ್ನು ಸಂಪಿಗೆ ಇಳಿಸಿ, ಎಷ್ಟು ಕಚ್ಚು ಕಡಿಮೆಯಾಯಿತೋ ಅಷ್ಟು ಗೀಟು ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆಯುತ್ತಿದ್ದರು. ದಿನಕ್ಕೆ ಮೂರು ಗೀಟು ಆಗಬೇಕಿತ್ತು. ಐದು ಆಗುತ್ತಿತ್ತು!

ಈ ಸಂಕಟದಲ್ಲಿ ಒಂದೇ ಸಮಾಧಾನ ಹಿತ್ತಲಿನ ಕರಿಬೇವು. ಬೀದಿಯ ಗಿಡಗಳೆಲ್ಲ ಒಣಗಿ ಸೌದೆಯಾಗಿದ್ದರೂ ಅದು ಮಾತ್ರ ಕಾಡಿನಂತೆ ಹಬ್ಬಿತ್ತು. "ಕೈಗುಣ ಕಣೇ, ಕೈಗುಣ!" ಎಂದು ಮೇಲಿನ ಮನೆಯ ಸುಗುಣಳಿಗೆ ಎಲೆ ಕಿತ್ತುಕೊಡುವಾಗಲೆಲ್ಲ ಹೇಳುತ್ತಿದ್ದರು.

ಅನುಮಾನಕ್ಕೆ ಇದ್ದವರು ಇಬ್ಬರು ಬಾಡಿಗೆದಾರರು. ಪಕ್ಕದ ಮನೆಯಲ್ಲಿ ಬಟ್ಟೆ ವ್ಯಾಪಾರದ ರುದ್ರಮುನಿ, ಅವನ ಬಿಳಿ ಕಾರು. ಮೇಲೆ ದೇವದಾನಂ, ಹೆಂಡತಿ ಸುಗುಣ, ಇಬ್ಬರು ಹೆಣ್ಣುಮಕ್ಕಳು. ದೇವದಾನಂ ತೆಲಂಗಾಣದ ಪಾಲಮೂರು ಕಡೆಯವನು, ನಾಯಂಡಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ಮೆನೋನೈಟ್ ಸಭೆಯ ಕ್ರೈಸ್ತ.

"ಅದೆಂಥಾ ಸಭೆಯಪ್ಪಾ?" ಎಂದು ಬಾಡಿಗೆಗೆ ಬಂದಾಗಲೇ ಕೇಳಿದ್ದರು.

"ಯೇಸುಸ್ವಾಮಿ ಹೇಳಿದ್ದನ್ನ ಹಂಗೇ ಮಾಡೋಕೆ ನೋಡೋರು ಅಮ್ಮಾ. ಯಾರ ಜೊತೆಗೂ ಜಗಳ ಮಾಡಲ್ಲ."

ಅಂದೇ ಮುನಿತಾಯಮ್ಮನಿಗೆ ಅನುಮಾನ ಹುಟ್ಟಿತ್ತು. ಹದಿನಾರು ವರ್ಷ ಸಂಸಾರ ಮಾಡಿದ ಗಂಡಸು ಹೆಂಡತಿಯ ಮೇಲೆ ದನಿ ಎತ್ತುವುದಿಲ್ಲ ಎಂದರೆ ಒಳಗೆ ಏನೋ ಇದೆ! ಶನಿವಾರ ಸಭೆಯ ಹಾಲ್ ಗುಡಿಸುತ್ತಾನೆ, ಭಾನುವಾರ ಕುರ್ಚಿ ಜೋಡಿಸುತ್ತಾನೆ, ಯಾರದೋ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಎಲ್ಲ ಬಿಟ್ಟಿ! ಬಿಟ್ಟಿ ದುಡಿಯುವವನು ಎಲ್ಲೋ ಒಂದು ಕಡೆ ಗಿಟ್ಟಿಸಿಕೊಳ್ಳಲೇಬೇಕು.

ಬುಧವಾರ ಸಂಜೆ ದೇವದಾನಂ ಹತ್ತು ಬೇಸಿನ್ನುಗಳನ್ನು ಒಂದರೊಳಗೊಂದು ಇಟ್ಟುಕೊಂಡು, ಹೆಗಲ ಮೇಲೆ ಟವೆಲ್ಲುಗಳ ಗಂಟು ಹೊತ್ತು ಮೆಟ್ಟಿಲಿಳಿದ.

"ಇಷ್ಟೊಂದು ಬೇಸಿನ್ ಯಾಕಪ್ಪಾ?"

"ನಾಳೆ ಸಭೆಯಲ್ಲಿ ಕಾಲು ತೊಳೀಬೇಕು ಅಮ್ಮಾ."

"ಇರೋ ಎರಡು ಕಾಲಿಗೆ ಹತ್ತು ಬೇಸಿನ್ನಾ?"

"ನಂದಲ್ಲಮ್ಮಾ. ನಾನು ಬೇರೆಯೋರದು ತೊಳೀತೀನಿ, ಬೇರೆಯೋರು ನಂದು. ಗಂಡಸರು ಗಂಡಸರದು, ಹೆಂಗಸರು ಹೆಂಗಸರದು. ಶುಭ ಶುಕ್ರವಾರದ ಹಿಂದಿನ ದಿನ ನಮ್ಮಲ್ಲಿ ಪದ್ಧತಿ."

ಹತ್ತು ಬೇಸಿನ್, ಒಂದೊಂದಕ್ಕೆ ನಾಲ್ಕು ಚೊಂಬು! ಮುನಿತಾಯಮ್ಮನಿಗೆ ಎರಡು ಕಚ್ಚಿನ ಲೆಕ್ಕ ಥಟ್ಟನೆ ಸಿಕ್ಕಿತು. ತೊಳೆಯುವುದು ನಾಳೆ ತಾನೇ ಎಂದರೆ, ಇಷ್ಟು ದಿನ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದನೋ ಏನೋ, ಯಾರು ಕಂಡವರು!

ಅಲ್ಲೇ ನ್ಯಾಯಸ್ಥಾನ ಸೇರಿತು. ಯಜಮಾನರ ಫೋಟೋ ಗೋಡೆಯಿಂದಿಳಿದು ಸಂಪಿನ ಕಲ್ಲಿನ ಮೇಲೆ ನ್ಯಾಯಾಧೀಶರಾಗಿ ಕುಳಿತಿತು.

"ಎಲ್ಲರೂ ಆಣೆ ಇಡಿ! ಮೊದಲು ನಾನೇ ಇಡ್ತೀನಿ. ನಾನು ಒಂದು ಹನಿ ಪೋಲು ಮಾಡಿದ್ರೂ ಒಂದು ವರ್ಷ ಕಾಫಿ ಮುಟ್ಟಲ್ಲ, ನಮ್ಮ ಯಜಮಾನರಾಣೆ!"

ದಿನಕ್ಕೆ ಐದು ಲೋಟ ಕಾಫಿ ಕುಡಿಯುವ ಹೆಂಗಸು! ಇದಕ್ಕಿಂತ ದೊಡ್ಡ ಆಣೆ ಹೊಸಹಳ್ಳಿಯಲ್ಲೇ ಇರಲಿಲ್ಲ.

"ಬಸವಣ್ಣನಾಣೆ ಆಂಟಿ, ಹದಿನೈದು ದಿನದಿಂದ ಕಾರು ತೊಳೆದಿಲ್ಲ!" ಎಂದ ರುದ್ರಮುನಿ. ಅವನ ಬೆನ್ನ ಹಿಂದೆ ಕಾರು ತೊಟ್ಟಿಕ್ಕುತ್ತಿತ್ತು. ಆದರೂ ಆಣೆ ಆಣೆಯೇ, ಅವನನ್ನು ಬಿಟ್ಟರು.

"ನಾನು ನೀರು ಕದ್ದಿಲ್ಲ ಅಮ್ಮಾ," ಎಂದ ದೇವದಾನಂ.

"ಆಣೆ ಇಟ್ಟು ಹೇಳು."

"ನಾವು ಆಣೆ ಇಡಲ್ಲ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಅಷ್ಟೇ."

"ಮಕ್ಕಳ ಮೇಲಾದ್ರೂ ಇಡಪ್ಪಾ!"

"ಇಲ್ಲಮ್ಮಾ."

"ಹೋಗ್ಲಿ, ನಿಮ್ಮ ಯೇಸು ಮೇಲೆ?"

"ಬೇಡ ಅಂತ ಹೇಳಿದ್ದೇ ಅವರು ಅಮ್ಮಾ!"

ರುದ್ರಮುನಿ ಲೊಚಗುಟ್ಟಿದ. "ನೋಡಿದ್ರಾ ಆಂಟಿ? ಸತ್ಯ ಇದ್ರೆ ಆಣೆಗ್ಯಾಕೆ ಹೆದರ್ಬೇಕು?"

ತೀರ್ಪು ಹೊರಬಿತ್ತು! ಮೇಲಿನ ಮನೆಗೆ ನೀರು ಹೋಗುವ ವಾಲ್ ಮುಚ್ಚಿ ಮುನಿತಾಯಮ್ಮ ಬೀಗ ಜಡಿದರು. "ಭಾನುವಾರದೊಳಗೆ ಆಣೆ ಇಡು. ಇಲ್ಲ, ಮನೆ ಖಾಲಿ ಮಾಡು."

"ಸರಿ ಅಮ್ಮಾ," ಎಂದು ದೇವದಾನಂ ಎರಡು ಕ್ಯಾನ್ ಎತ್ತಿಕೊಂಡು ಬೀದಿ ಕೊಳಾಯಿಗೆ ಹೊರಟ. ಮೆಟ್ಟಿಲ ಮೇಲಿಂದ ಸುಗುಣಳ ದನಿ ಕೇಳಿತು.

"ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗೋದು? ಸಿಟ್ಟಾದ್ರೂ ಮಾಡ್ಕೊಳ್ರೀ!"

"ಮಾಡ್ಕೊಂಡಿದೀನಿ ಕಣೇ. ಹೊರಗೆ ಕಾಣ್ತಿಲ್ಲ, ಅಷ್ಟೇ."

ಗುರುವಾರ ಬೆಳಗ್ಗೆ ಕೋಲು ಇಳಿಸಿದರು. ಮೇಲಿನವರಿಗೆ ನೀರು ಬಂದ್, ಎರಡೇ ಕಚ್ಚು ಕಡಿಮೆಯಾಗಬೇಕಿತ್ತು. ನಾಲ್ಕಾಗಿತ್ತು! ಶುಕ್ರವಾರವೂ ನಾಲ್ಕು!

"ಅಬ್ಬಬ್ಬಾ! ಬೀಗ ಹಾಕಿದ್ರೂ ಕದೀತಾನೆ! ಎಂಥಾ ಪಳಗಿದ ಕಳ್ಳ!"

ಇನ್ನು ಕೈಯಾರೆ ಹಿಡಿಯುವುದೊಂದೇ ದಾರಿ. ದೇವದಾನಂ ಕ್ಯಾನ್ ಹಿಡಿದು ಹಿತ್ತಲ ಮೆಟ್ಟಿಲಿನಿಂದಲೇ ಹತ್ತಿಳಿಯುತ್ತಿದ್ದ. ಮುನಿತಾಯಮ್ಮ ಸೀರೆ ಎತ್ತಿ ಕಟ್ಟಿ, ಬಿದಿರುಕೋಲನ್ನು ಈಟಿಯಂತೆ ಹಿಡಿದು, ಕರಿಬೇವಿನ ಗಿಡದ ಮರೆಗೆ ನುಗ್ಗಿದರು. ಇಟ್ಟ ಹೆಜ್ಜೆ ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋಯಿತು! ಕೋಲು ಎತ್ತಲೋ ಹಾರಿತು. ಆಸರೆಗೆಂದು ಕೈಗೆ ಸಿಕ್ಕ ಗೋಣಿಚೀಲ ಹಿಡಿದೆಳೆದರೆ, ಅದು ಸರ್ರನೆ ಜಾರಿ ಕೆಳಗಿನ ನೀಲಿ ಡ್ರಮ್ ದರ್ಶನ ಕೊಟ್ಟಿತು.

ಡ್ರಮ್ ತುಂಬಿ ತುಳುಕುತ್ತಿತ್ತು. ಅದರ ಬಾಯಿಗೆ ಹಸಿರು ಪೈಪು, ಪೈಪಿನ ತುದಿಯಲ್ಲಿ ಹಿತ್ತಲ ನಲ್ಲಿ, ನಲ್ಲಿಯಲ್ಲಿ ಸಣ್ಣ ಧಾರೆ.

ಇಟ್ಟವರು ಮುನಿತಾಯಮ್ಮನೇ! ಯುಗಾದಿಗೆ ಮುಂಚೆ, ಕಷ್ಟಕಾಲಕ್ಕಿರಲಿ ಎಂದು ಗುಟ್ಟಾಗಿ ನಲ್ಲಿ ಬಿಟ್ಟು, ಕಳ್ಳರಿಗೆ ಕಾಣದಿರಲೆಂದು ಗೋಣಿ ಹೊದಿಸಿದ್ದರು. ಯಾರಿಗೂ ಹೇಳಬಾರದೆಂದು ಎಷ್ಟು ಬಿಗಿಯಾಗಿದ್ದರೆಂದರೆ, ತಮಗೂ ನೆನಪಿರಲಿಲ್ಲ. ಕೈಗುಣವಂತೆ ಕೈಗುಣ!

ಸದ್ದು ಕೇಳಿ ದೇವದಾನಂ ಓಡಿಬಂದ. ಡ್ರಮ್ ನೋಡಿದ, ನಲ್ಲಿ ನೋಡಿದ. ನಲ್ಲಿ ತಿರುಗಿಸಿ ನಿಲ್ಲಿಸಿ, ಅವರನ್ನು ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸಿ, ಮೇಲಕ್ಕೆ ಕೂಗಿದ. "ಸುಗುಣಾ, ಬೇಸಿನ್ ತಗೊಂಡ್ ಬಾ! ಹೆಂಗಸರು ಹೆಂಗಸರದು!"

ಸುಗುಣ ಬೇಸಿನ್ ಇಟ್ಟು, ಕೆಸರು ಮೆತ್ತಿದ ಕಾಲುಗಳನ್ನು ನೀರಿಗೆ ಎಳೆದುಕೊಂಡಳು.

"ಈ ನೀರು..." ಎಂದರು ಮುನಿತಾಯಮ್ಮ. ಆ ಹೊತ್ತಿನಲ್ಲೂ ಅಭ್ಯಾಸ ಬಿಡಲಿಲ್ಲ.

"ಬೀದಿ ಕೊಳಾಯಿದು ಅಮ್ಮಾ. ನಿಮ್ಮ ಸಂಪಿಂದಲ್ಲ," ಎಂದ ದೇವದಾನಂ.

ಮುನಿತಾಯಮ್ಮ ಸೊಂಟದಿಂದ ವಾಲಿನ ಕೀಲಿ ಬಿಚ್ಚಿ ಅವನ ಕೈಗಿಟ್ಟರು. "ಒಂದು ಮಾತಾದ್ರೂ ಬೈಯಪ್ಪಾ."

"ಅವರ ಕೈಲಿ ಆಗಲ್ಲಮ್ಮಾ," ಎಂದಳು ಸುಗುಣ, ಹಿಮ್ಮಡಿಯನ್ನು ಸ್ವಲ್ಪ ಜೋರಾಗಿಯೇ ಉಜ್ಜುತ್ತಾ. "ನನ್ನ ಕೇಳಿ. ಬೈಯ್ದೇ ಇರೋದನ್ನ ನಾನಿನ್ನೂ ಕಲೀತಾ ಇದೀನಿ!"

ಕಾಲು ಒರೆಸಿದ ಮೇಲೆ ಸುಗುಣ ಮೇಲೆ ಹೋಗಿ ಕಾಫಿ ಮಾಡಿ ತಂದಳು. ನೊರೆನೊರೆ ಕಾಫಿ! ಘಮ ಹಿತ್ತಲೆಲ್ಲ ಹರಡಿತು. ಅಷ್ಟರಲ್ಲಿ ಗೋಡೆಯ ಮೇಲೆ ರುದ್ರಮುನಿಯ ತಲೆ ಮೂಡಿತು.

"ಆಂಟೀ, ಒಂದು ವರ್ಷ ಅಲ್ವಾ? ಯಜಮಾನರಾಣೆ!"

"ನೀನು ಮೊದ್ಲು ಹೋಗಿ ಕಾರು ಒರೆಸ್ಕೋ ಹೋಗೋ, ಇನ್ನೂ ತೊಟ್ಟಿಕ್ತಾ ಇದೆ!"

ತಲೆ ಮುಳುಗಿತು. ಆದರೆ ಲೋಟಕ್ಕೆ ಚಾಚಿದ ಕೈ ಅರ್ಧದಲ್ಲೇ ನಿಂತಿತ್ತು. ಒಂದು ವರ್ಷ! ಮುನ್ನೂರ ಅರವತ್ತೈದನ್ನು ಐದರಿಂದ ಗುಣಿಸಲು ಹೋಗಿ ಮುನಿತಾಯಮ್ಮನ ಕಣ್ಣು ಒದ್ದೆಯಾಯಿತು.

"ಆಣೆ ವಿಚಾರ ನಮಗೆ ತಿಳಿಯಲ್ಲ ಅಮ್ಮಾ," ಎಂದ ದೇವದಾನಂ ಮೆಲ್ಲಗೆ. "ಕಾಫಿ ಬೇಕಾ? ಹೌದಾ, ಇಲ್ವಾ?"

ಅರವತ್ತೆಂಟು ವರ್ಷ ದಿನಕ್ಕೆ ಹತ್ತು ಆಣೆಯಿಲ್ಲದೆ ಮಾತಾಡದ ಮುನಿತಾಯಮ್ಮ ತಲೆ ತಗ್ಗಿಸಿದರು.

"ಹೌದು," ಎಂದರು. ಅಷ್ಟೇ.