ಸೈರನ್ ಕೂಗಿದರೆ ಬರುವವರು ಯಾರು?

ಬಾಗಿಲು ಇರುವುದು ತೆಗೆಯುವುದಕ್ಕೋ ಮುಚ್ಚುವುದಕ್ಕೋ ಎಂದು ಕೇಳಿದರೆ ಈಗಿನವರು ಮುಚ್ಚುವುದಕ್ಕೆ ಎನ್ನುತ್ತಾರೆ. ಹಾಗಿದ್ದರೆ ಗೋಡೆಯೇ ಸಾಕಿತ್ತಲ್ಲ, ಬಡಗಿಯನ್ನು ಯಾಕೆ ಕರೆಸಬೇಕಿತ್ತು? ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನ್ನ ಮಾತು ಯಾರು ಕೇಳುತ್ತಾರೆ! ಆದರೂ ಹಲಸೂರಿನ ನಮ್ಮ ಗಲ್ಲಿಯಲ್ಲಿ ನನಗೊಂದು ಹುದ್ದೆಯಿತ್ತು. ನಮ್ಮ ಅಡುಗೆಮನೆಯ ಬಾಗಿಲ ಪಕ್ಕ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದೇನೆ. ಗಲ್ಲಿಯ ಅಷ್ಟೂ ಮನೆಗಳ ಕೀ ಅಲ್ಲಿ ನೇತಾಡುತ್ತಿದ್ದವು. ಗ್ಯಾಸಿನವನು ಬಂದರೂ, ಸ್ಕೂಲಿಂದ ಮಕ್ಕಳು ಬಂದರೂ, ಹೇಳದೆ ಕೇಳದೆ ನೆಂಟರು ಬಂದರೂ ಮೊದಲು ನನ್ನ ಹತ್ತಿರ ಬರಬೇಕು. ಯಾರ ಮನೆಗೆ ಯಾರು ಬಂದರು, ಮುಖ ಹೇಗಿಟ್ಟುಕೊಂಡು ವಾಪಸ್ ಹೋದರು ಎಲ್ಲ ನನಗೆ ಗೊತ್ತಿರುತ್ತಿತ್ತು. ನಾನಾಗಿ ಕೇಳುತ್ತಿರಲಿಲ್ಲ. ಕೀ ಕೊಡುವಾಗ ಅವರೇ ಹೇಳುತ್ತಿದ್ದರು.

ಇದಕ್ಕೆ ಕಲ್ಲು ಬಿದ್ದದ್ದು ಬಾಣಸವಾಡಿಯಿಂದ. ಅಲ್ಲಿ ನನ್ನ ಸೊಸೆ ರೂಪಾಳ ಬ್ಯಾಂಕಿನವರೊಬ್ಬರ ಮನೆಗೆ ಕಳ್ಳರು ನುಗ್ಗಿ ಟಿವಿ ಹೊತ್ತುಕೊಂಡು ಹೋದರಂತೆ. ಮಾರನೇ ದಿನವೇ ಇವಳು ಶುರು ಮಾಡಿದಳು: “ಅತ್ತೆ, ನಾವೂ ಸೆಕ್ಯೂರಿಟಿ ಸಿಸ್ಟಮ್ ಹಾಕಿಸ್ಬಿಡೋಣ. ಮೂರು ಕಂಪನಿಯವ್ರನ್ನ ಕರೆದಿದ್ದೀನಿ, ಕಂಪೇರ್ ಮಾಡಿ ನೋಡೋಣ.”

ಹೋಲಿಸಿ ನೋಡುವುದು ನನಗೆ ಬಾರದ ವಿದ್ಯೆಯೇ? ರಸೆಲ್ ಮಾರುಕಟ್ಟೆಯಲ್ಲಿ ಬದನೆಕಾಯಿಗೆ ನಾಲ್ಕು ಅಂಗಡಿ ಸುತ್ತುವವಳು ನಾನು. ಆದರೆ ಬದನೆಕಾಯಿಯನ್ನಾದರೆ ಒತ್ತಿ ನೋಡಬಹುದು, ಹುಳುವಿನ ತೂತು ಹುಡುಕಬಹುದು. ಇವರ ಮಾಲನ್ನು ಎಲ್ಲಿ ಒತ್ತುವುದು? ಅದಕ್ಕೇ ಮೂವರಿಗೂ ಒಂದೇ ಪ್ರಶ್ನೆ ಇಟ್ಟುಕೊಂಡೆ: ಸೈರನ್ ಕೂಗಿದರೆ ಯಾರು ಬರುತ್ತಾರೆ?

ಮೊದಲನೆಯವನು ಟೈ ಕಟ್ಟಿದ್ದ. “ಯಾರೂ ಬರೋದೇ ಬೇಡ ಅಮ್ಮಾ. ಕಳ್ಳ ಬಂದ ತಕ್ಷಣ ಫೋಟೋ ತೆಗೆದು ನಿಮ್ಮ ಫೋನಿಗೆ ಕಳಿಸುತ್ತೆ” ಎಂದ. ಕಳ್ಳನ ಫೋಟೋಗೆ ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೋ? ಎರಡನೆಯವನು, “ನಮ್ಮ ಕಂಟ್ರೋಲ್ ರೂಮಿಗೆ ಗೊತ್ತಾಗುತ್ತೆ. ಅವ್ರು ನೀವು ಕೊಟ್ಟಿರೋ ನಂಬರಿಗೆ ಫೋನ್ ಮಾಡ್ತಾರೆ” ಎಂದ. ಆ ರೂಮು ಎಲ್ಲಿದೆ ಎಂದರೆ ದಿಲ್ಲಿಯ ಹತ್ತಿರವಂತೆ. ಮೂರನೆಯವನು, “ಇಡೀ ಬೀದಿಗೆ ಕೇಳ್ಸೋ ಹಾಗೆ ಕೂಗುತ್ತೆ ಅಮ್ಮಾ” ಎಂದ. “ಅಷ್ಟು ನಾನೂ ಕೂಗ್ತೀನಿ, ಕರೆಂಟೂ ಬೇಕಾಗಿಲ್ಲ” ಎಂದೆ. ಅವನು ನಗಲಿಲ್ಲ. ನನ್ನ ಮೊಳೆಗಳ ಕಡೆ ನೋಡಿ, ರೂಪಾಗೆ ಹೇಳಿದ: “ಮೇಡಂ, ಈ ಬೀದೀಲಿ ಎಲ್ಲಕ್ಕಿಂತ ದೊಡ್ಡ ರಿಸ್ಕ್ ಅಂದ್ರೆ ಇದೇ.”

ನನ್ನ ಅಡುಗೆಮನೆಯಲ್ಲಿ ನಿಂತು, ನನ್ನ ಕಾಫಿ ಕುಡಿದು, ನನ್ನನ್ನೇ ರಿಸ್ಕ್ ಎಂದ! ರೂಪಾ ಆರಿಸಿದ್ದೂ ಅವನನ್ನೇ. ಅವನ ಯಂತ್ರ ಮೊದಲ ದಿನವೇ, ಟೆರೇಸಿನಿಂದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದ ನನ್ನನ್ನು ಕಳ್ಳಿ ಎಂದು ಬೀದಿಗೆಲ್ಲ ಸಾರಿತು.

ನಮ್ಮ ಮನೆಗೆ ಬಂದದ್ದು ಗಲ್ಲಿಗೆಲ್ಲ ಬಂತು. ಒಬ್ಬೊಬ್ಬರೇ ಬಂದು ಕೀ ಬಿಡಿಸಿಕೊಂಡು ಹೋದರು. ಎದುರುಮನೆ ಸೆಲ್ವಿ ಮಾತ್ರ, “ತಪ್ಪು ತಿಳ್ಕೋಬೇಡಿ ಅಜ್ಜಿ, ಕೀ ಹೊರಗೆ ಕೊಡ್ಬಾರ್ದಂತೆ, ಕಂಪನಿಯವ್ರು ಹೇಳಿದ್ರು” ಎಂದಳು. ನಾನು ಹೊರಗಂತೆ! ಮೊಳೆಗಳಲ್ಲಿ ಉಳಿದದ್ದು ಪಕ್ಕದ ಮನೆ ಮೆಹರುನ್ನಿಸಾಳ ಕೀ ಒಂದೇ. ಕೇಳಲು ಸಂಕೋಚವಿರಬೇಕು, ನಾಳೆಯೋ ನಾಡಿದ್ದೋ ಬರುತ್ತಾಳೆ ಎಂದುಕೊಂಡೆ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನ್ ಬಂತು. ಯಾವುದೋ ಹುಡುಗಿ. “ಮೇಡಂ, ಸೆಲ್ವಿ ಅವ್ರ ಮನೇಲಿ ಅಲಾರ್ಮ್ ಆಗಿದೆ. ನೀವು ಅವ್ರ ಎಮರ್ಜೆನ್ಸಿ ಕಾಂಟ್ಯಾಕ್ಟ್. ಸ್ವಲ್ಪ ಹೋಗಿ ನೋಡ್ತೀರಾ?”

“ಕಂಪನಿ ನಿಮ್ದು, ಸಂಬಳ ನಿಮ್ಗೆ. ನಾನ್ಯಾಕಮ್ಮ ಹೋಗ್ಲಿ?”

“ನೀವು ಯಾವಾಗ್ಲೂ ಮನೇಲೇ ಇರ್ತೀರಂತೆ ಮೇಡಂ.”

ಹೋದೆ. ಬಾಗಿಲಿಗೆ ಬೀಗ, ಕೀ ಸೆಲ್ವಿಯ ಜೊತೆ ದೊಮ್ಮಲೂರಿನ ಆಫೀಸಿನಲ್ಲಿದೆ. ಕಿಟಕಿಯಲ್ಲಿ ಇಣುಕಿದರೆ ಬೆಕ್ಕೊಂದು ಪರದೆಗೆ ಜೋತುಬಿದ್ದಿದೆ. ನಾನು ಕೂಗಿದ್ದಕ್ಕೆ ಬೆಕ್ಕು ಓಡಿತು, ಸೈರನ್ ನಿಲ್ಲಲಿಲ್ಲ. ಸೆಲ್ವಿ ಆಟೋದಲ್ಲಿ ಬಂದು ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಗಲ್ಲಿಯವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಸಂಜೆ ಅವಳೇ ಬಂದು ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಅವಳ ಹಿಂದೆ ಉಳಿದವರೂ ಬಂದರು. ಆಮೇಲೆ ತಿಳಿಯಿತು, ಎಲ್ಲರೂ ಎಲ್ಲ ಕಂಪನಿಗೂ ಕೊಟ್ಟಿದ್ದು ನನ್ನ ನಂಬರೇ! ದುಡ್ಡು ಕಂಪನಿಗೆ, ಓಡಾಟ ನನಗೆ. ಹಲ್ಲಿ ಓಡಿದರೂ ನನಗೆ ಫೋನು, ಫ್ಯಾನಿಗೆ ಕ್ಯಾಲೆಂಡರ್ ಅಲ್ಲಾಡಿದರೂ ನನಗೇ ಫೋನು. ಹುಳಿಗೆ ಒಗ್ಗರಣೆ ಹಾಕುವಷ್ಟು ಪುರುಸೊತ್ತಿಲ್ಲ. ಸಿಕ್ಕವರನ್ನೆಲ್ಲ ನಿಲ್ಲಿಸಿ ಬೈಯುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಮೆಹರುನ್ನಿಸಾಳ ಮನೆಯ ಸೈರನ್ ಕೂಗಿತು. ನಡುವೆ ಇರುವುದು ಒಂದೇ ಗೋಡೆ, ಪಾತ್ರೆಗಳೆಲ್ಲ ಅದುರಿದವು. ನಾನು ಚಪ್ಪಲಿ ಮೆಟ್ಟಿ, ಫೋನ್ ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತೆ. ಫೋನ್ ಬರಲಿಲ್ಲ. ಓಹೋ, ನನ್ನ ನಂಬರ್ ಕೊಟ್ಟಿಲ್ಲ! ಅವಳ ಕೀ ಕಣ್ಣೆದುರಿಗೇ ನೇತಾಡುತ್ತಿತ್ತು. ಬೇಕಿದ್ದರೆ ಫೋನ್ ಮಾಡಲಿ ಎಂದು ಅಲ್ಲಾಡದೆ ಕೂತೆ. ಕೊನೆಗೆ ಶಿವಾಜಿನಗರದಿಂದ ಅವಳ ಮೈದುನ ಇನ್ನೊಂದು ಕೀ ಹಿಡಿದು ಸ್ಕೂಟರಿನಲ್ಲಿ ಬಂದು ಸೈರನ್ ನಿಲ್ಲಿಸಿದ.

ಸಂಜೆ ಅವಳು ಬಂದ ಕೂಡಲೇ ಬಾಗಿಲಲ್ಲೇ ಹಿಡಿದೆ. “ಏನಮ್ಮಾ, ಎಲ್ರೂ ನನ್ ನಂಬರ್ ಕೊಟ್ಟಿದ್ದಾರೆ. ನಿನಗೆ ನಾನು ಆಗ್ಲಿಲ್ವಾ?”

“ಅರೆ ಅಮ್ಮಾ!” ಎಂದಳು ಅವಳು. “ನಂಬರ್ ದೂರ ಇರೋರ್ದು ಕೊಡ್ತಾರೆ. ನೀವು ಗೋಡೆ ಆಚೆನೇ ಇದ್ದೀರಿ, ಕೀನೂ ನಿಮ್ಮತ್ರಾನೇ ಬಿಟ್ಟಿದ್ದೀನಿ. ಕೂಗಿದ್ರೆ ಬರ್ತೀರಿ, ನಿಮಗೆ ಫೋನ್ ಯಾಕೆ ಅಂದ್ಕೊಂಡೆ.” ಮತ್ತೆ ಅವಳೇ ಕೇಳಿದಳು: “ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ?”

ಮಾರ್ಕೆಟ್ಟಿಗೆ ಎಂದೆ. ನಂಬಿದಳು, ಪಾಪ. ಬಂದು ನನ್ನ ಕುರ್ಚಿಯಲ್ಲಿ ಕೂತೆ. ಮೂರು ಕಂಪನಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವಳು, ನಾಲ್ಕನೆಯ ಕಂಪನಿಯನ್ನು ಕೇಳುವುದೇ ಬಿಟ್ಟಿದ್ದೆ. ಅದು ನಮ್ಮ ಮನೆಯಲ್ಲೇ ಇದೆ, ಕೀ ಇಟ್ಟುಕೊಂಡು ಕೂತಿದೆ, ಫೋನ್ ಬಂದರೆ ಮಾತ್ರ ಏಳುತ್ತದೆ.